ಎರಡು ವರ್ಷ ದಾಟಿದ ಮಗ ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸುವುದಿಲ್ಲ. ಆಟಿಸಂ (ಜನರ ಜೊತೆ ಬೆರೆಯುವುದು, ಮಾತು, ಸನ್ನೆ ಬೇರೆ ರೀತಿ ಬೆಳೆಯುವ ಸ್ಥಿತಿ) ಪರೀಕ್ಷೆ ಮಾಡಿಸಬೇಕಾ?

ನೀರ್ಚಾಲು ಅಮ್ಮ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಮಗನಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ನಡೆಯುವುದು, ಓಡುವುದು, ಹತ್ತುವುದು ಎಲ್ಲ ಸರಿಯಾದ ಸಮಯಕ್ಕೇ ಬಂತು. ಮಾತು ಮಾತ್ರ ಇಲ್ಲ. "ಅಮ್ಮ" ಅನ್ನುತ್ತಾನೆ, ಆದರೆ ನನ್ನನ್ನು ಕರೆಯುವುದಕ್ಕಲ್ಲ, ಒಬ್ಬನೇ ಆಡುವಾಗ ಸುಮ್ನೆ ಅಂದುಕೊಳ್ಳುತ್ತಾನೆ.

ಅವನಿಗೆ ಬಿಸ್ಕತ್ತು ಬೇಕು ಅಂದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬದ ಮುಚ್ಚಳದ ಮೇಲೆ ಇಡುತ್ತಾನೆ. ನನ್ನ ಮುಖ ನೋಡುವುದಿಲ್ಲ. ಮುಚ್ಚಳ ತೆಗೆದ ತಕ್ಷಣ ಬಿಸ್ಕತ್ತು ತೆಗೆದುಕೊಂಡು ಹೋಗಿಬಿಡುತ್ತಾನೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ತಂದು ಜಗಲಿಯ ಅಂಚಿನಲ್ಲಿ ಸಾಲಾಗಿ ಇಡುತ್ತಾನೆ, ಒಂದು ಅಡಿಕೆ ಸರಿದರೂ ಮನೆ ಹಾರಿಹೋಗುವಷ್ಟು ಅಳು. ಹೆಸರು ಕರೆದರೆ ತಿರುಗುವುದಿಲ್ಲ. ಕಿವಿ ಕೇಳುವುದಿಲ್ಲವೇನೋ ಅಂದುಕೊಂಡರೆ, ಒಳಗೆ ಚಾಕಲೇಟಿನ ಕಾಗದ ಸದ್ದಾದರೆ ಓಡಿ ಬರುತ್ತಾನೆ. ಮಿಕ್ಸಿ ಹಾಕಿದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ.

ಅವನ ಅಪ್ಪ ದುಬೈಯಲ್ಲಿ. ರಾತ್ರಿ ವಿಡಿಯೋ ಕಾಲ್ ಮಾಡುತ್ತಾರೆ. ಇವನಿಗೆ ಅಪ್ಪನ ಮುಖ ಬೇಡ, ಕೆಳಗಿನ ಕೆಂಪು ಬಟನ್ ಒತ್ತುವುದೊಂದೇ ಬೇಕು.

ಆದರೆ ಮುದ್ದು ಬಹಳ. ನಿದ್ದೆ ಬಂದರೆ ನನಗೇ ಅಂಟಿಕೊಳ್ಳುತ್ತಾನೆ. ಮಾವ ಕಚಗುಳಿ ಇಟ್ಟರೆ ಬಿದ್ದು ಬಿದ್ದು ನಗುತ್ತಾನೆ. "ಇಷ್ಟು ಪ್ರೀತಿ ಇರುವ ಮಗುವಿಗೆ ಎಂಥ ರೋಗ" ಅಂತ ಅತ್ತೆ ಬೈಯುತ್ತಾರೆ. ಇವನ ಅಪ್ಪನೂ ಚಿಕ್ಕದಿರುವಾಗ ತಡವಾಗಿಯೇ ಮಾತಾಡಿದ್ದಂತೆ. ಮನೆಯಲ್ಲಿ ಅತ್ತೆ ಮಾವ ತುಳು, ನಾನು ಕನ್ನಡ, ಪಕ್ಕದ ಮನೆಯವರು ಮಲಯಾಳ, ಅಂಗನವಾಡಿಯಲ್ಲೂ ಮಲಯಾಳ. ಮೂರು ಭಾಷೆ ಕಿವಿಗೆ ಬಿದ್ದು ಗೊಂದಲ ಆಗಿದೆ, ಒಂದೇ ಭಾಷೆ ಮಾತಾಡಿ ಅಂತ ಕೆಲವರು ಹೇಳಿದರು. ಇಂಜೆಕ್ಷನ್‌ಗೆ ಹೋದಾಗ ಡಾಕ್ಟರ ಹತ್ತಿರ ಕೇಳಿದೆ, "ಗಂಡು ಮಕ್ಕಳು ಸ್ವಲ್ಪ ತಡ, ಮೂರು ವರ್ಷದವರೆಗೆ ನೋಡುವ" ಅಂದರು. ಅಂಗನವಾಡಿ ಟೀಚರ್ ಮಾತ್ರ ಒಂದು ದಿನ ಮೆಲ್ಲನೆ, "ಒಮ್ಮೆ ತೋರಿಸಿ" ಅಂದರು. ಅದರ ನಂತರ ನಿದ್ದೆ ಇಲ್ಲ.

ಕಾಯಬಹುದಾ? ಭಾಷೆ ಜಾಸ್ತಿಯಾಗಿ ಹೀಗಾಗುತ್ತದಾ? ತೋರಿಸುವುದಾದರೆ ಎಲ್ಲಿ, ಅಲ್ಲಿ ಮಗುವನ್ನು ಹೇಗೆ ನೋಡುತ್ತಾರೆ?

ಅಡೂರಿನವ:

ಅಕ್ಕಾ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಅಣ್ಣನ ಮಗ ಮೂರು ವರ್ಷದವರೆಗೆ ಒಂದಕ್ಷರ ಮಾತಾಡಲಿಲ್ಲ, ಈಗ ಐದನೇ ಕ್ಲಾಸು, ಬಾಯಿ ಮುಚ್ಚಿಸುವುದೇ ಕಷ್ಟ. ಮೊಬೈಲ್ ಕೊಡುವುದು ನಿಲ್ಲಿಸಿ, ಅಂಗಳದಲ್ಲಿ ನಾಲ್ಕು ಮಕ್ಕಳ ಜೊತೆ ಬಿಡಿ. ಮಧೂರು ಗಣಪತಿಗೆ ಒಂದು ಅಪ್ಪ (ಸಿಹಿ ತಿಂಡಿ) ಸೇವೆ ಹೇಳಿಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಎಲ್ಲ ಮಕ್ಕಳಿಗೂ ಒಂದೊಂದು ಕಾಯಿಲೆ ಇರುತ್ತದೆ. ಒಮ್ಮೆ ಹಣೆಪಟ್ಟಿ ಅಂಟಿಸಿದರೆ ಆಮೇಲೆ ಊರಿನವರ ಬಾಯಿಗೆ ಬೀಗ ಹಾಕುವುದು ಯಾರು?

ಮುಳ್ಳೇರಿಯದವಳು:

ಅಡೂರಿನವರೇ, ಒಂದು ಪ್ರಶ್ನೆ. ನಿಮ್ಮ ಅಣ್ಣನ ಮಗ ಮಾತು ಬರುವ ಮೊದಲು ಬೇಕಾದ್ದನ್ನು ಹೇಗೆ ಕೇಳುತ್ತಿದ್ದ? ಬೆರಳು ತೋರಿಸುತ್ತಿದ್ದನಾ? ಬಸ್ಸು ಬಂದರೆ, ಕೋಳಿ ಓಡಿದರೆ ನಿಮ್ಮ ಮುಖ ನೋಡಿ "ಹ್ಞಾ ಹ್ಞಾ" ಅಂತ ತೋರಿಸುತ್ತಿದ್ದನಾ? ಹಾಗೆ ಮಾಡುತ್ತಿದ್ದರೆ ಆ ಕಥೆಗೂ ಈ ಅಮ್ಮ ಬರೆದದ್ದಕ್ಕೂ ಸಂಬಂಧ ಇಲ್ಲ.

ನನ್ನ ಮಗಳಿಗೆ ಆಟಿಸಂ ಇದೆ, ಈಗ ಎರಡನೇ ಕ್ಲಾಸು. ಅಲ್ಲಿ ಹೇಗೆ ನೋಡುತ್ತಾರೆ ಅಂತ ಕೇಳಿದ್ದೀರಿ, ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಸ್ಕ್ಯಾನು, ರಕ್ತ, ಅದೆಲ್ಲ ಇರುತ್ತದೆ ಅಂತ ಹೆದರಿಕೊಂಡು ಹೋಗಿದ್ದೆ. ಆಟಿಸಂ ಇದೆಯಾ ಇಲ್ಲವಾ ಅಂತ ಹೇಳುವ ರಕ್ತ ಪರೀಕ್ಷೆಯೇ ಇಲ್ಲ. ನೆಲದ ಮೇಲೆ ಚಾಪೆ, ಒಂದು ಬುಟ್ಟಿ ಆಟದ ಸಾಮಾನು, ಸೈಕಾಲಜಿಸ್ಟ್ ಕೂಡ ನೆಲದಲ್ಲೇ ಕೂತಿದ್ದರು. ಮೊದಲು ನನ್ನ ಹತ್ತಿರ ಬಹಳ ಹೊತ್ತು ಪ್ರಶ್ನೆ. ಬಸುರಿಯಾಗಿದ್ದಾಗಿನಿಂದ ಶುರು. ಆಮೇಲೆ ಮಗಳ ಜೊತೆ ಆಟ.

ಅವರು ಸಾಬೂನಿನ ಗುಳ್ಳೆ ಊದಿದರು. ಮಗಳಿಗೆ ಖುಷಿಯೋ ಖುಷಿ. ಮತ್ತೆ ಊದಿದರು. ಆಮೇಲೆ ಬಾಟಲಿಯ ಮುಚ್ಚಳ ಬಿಗಿ ಮಾಡಿ ಮಡಿಲಲ್ಲಿ ಇಟ್ಟು ಸುಮ್ಮನೆ ಕೂತರು. ಏನೂ ಹೇಳಲಿಲ್ಲ. ನನಗೆ ಆಗ ಅರ್ಥ ಆಗಲಿಲ್ಲ. ಆ ಸುಮ್ಮನೆ ಕೂತದ್ದೇ ಪರೀಕ್ಷೆ. ಮಗು ಈಗ ಏನು ಮಾಡುತ್ತದೆ? ಬಾಟಲಿ ನೋಡಿ, ಅವರ ಮುಖ ನೋಡಿ, ಮತ್ತೆ ಬಾಟಲಿ ನೋಡಿ "ಇನ್ನೊಮ್ಮೆ" ಅನ್ನುವ ಹಾಗೆ ಕೇಳುತ್ತದಾ, ಅಥವಾ ಬಾಟಲಿ ಮಾತ್ರ ಕಿತ್ತುಕೊಳ್ಳಲು ನೋಡುತ್ತದಾ? ನನ್ನ ಮಗಳು ಬಾಟಲಿಯ ಜೊತೆ ಜಗಳ ಮಾಡಿದಳು, ಅದನ್ನು ಹಿಡಿದಿದ್ದ ಮನುಷ್ಯರು ಅಲ್ಲಿದ್ದಾರೆ ಅಂತಲೇ ಲೆಕ್ಕಕ್ಕಿರಲಿಲ್ಲ.

ಆಮೇಲೆ ಗೊಂಬೆಗೆ ಊಟ ಮಾಡಿಸುವ ಆಟ. ಖಾಲಿ ಚಮಚ ಗೊಂಬೆಯ ಬಾಯಿಗೆ ಇಡುತ್ತಾಳಾ ಅಂತ. ಹಿಂದಿನಿಂದ ಹೆಸರು ಕರೆಯುವುದು. ಗೋಡೆಯ ಕಡೆ ತಿರುಗಿ "ಅಗೋ ನೋಡು" ಅಂದರೆ ಆ ಕಡೆ ನೋಡುತ್ತಾಳಾ ಅಂತ. ಇವೆಲ್ಲ ಸಣ್ಣ ಸಣ್ಣ ವಿಷಯ. ಆದರೆ ಒಂದೊಂದಕ್ಕೂ ಅವರು ಬರೆದುಕೊಳ್ಳುತ್ತಿದ್ದರು. ಅಷ್ಟೇ, ನೋವಾಗುವಂಥದ್ದು ಏನೂ ಇಲ್ಲ.

ಮತ್ತೆ ಮುದ್ದಿನ ವಿಷಯ. ನನ್ನ ಮಗಳೂ ಅಪ್ಪಿಕೊಳ್ಳುತ್ತಾಳೆ, ಕೆನ್ನೆಗೆ ಮುತ್ತು ಕೊಡುತ್ತಾಳೆ. ಆಟಿಸಂ ಇರುವ ಮಕ್ಕಳಿಗೆ ಪ್ರೀತಿ ಇಲ್ಲ ಅನ್ನುವುದು ಯಾರು ಹುಟ್ಟಿಸಿದ ಸುಳ್ಳೋ ಗೊತ್ತಿಲ್ಲ.

ಗಡಿಯಾಚೆ ಸ್ಪೀಚ್:

ನಾನು ಕಾಸರಗೋಡಿನವಳೇ, ಮಂಗಳೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಮಗುವನ್ನು ನೋಡದೆ ಇದೆ, ಇಲ್ಲ ಅಂತ ಹೇಳುವ ಹಾಗಿಲ್ಲ. ಆದರೆ ನೀವು ಬರೆದದ್ದು ಓದಿದರೆ ಮೂರು ವರ್ಷದವರೆಗೆ ಕಾಯುವ ಕೇಸಲ್ಲ ಅಂತ ಖಂಡಿತ ಹೇಳುತ್ತೇನೆ.

ಮೊದಲು ಭಾಷೆಯ ಲೆಕ್ಕ ಮುಗಿಸುವ. ನಮ್ಮೂರಿನಲ್ಲಿ ಎರಡು ಮೂರು ಭಾಷೆ ಕೇಳದೆ ಬೆಳೆದ ಮಗು ಯಾವುದು ಹೇಳಿ? ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುತ್ತದೆ. ಭಾಷೆ ಜಾಸ್ತಿಯಾದರೆ ಆಟಿಸಂ ಬರುತ್ತಿದ್ದರೆ ಕುಂಬಳೆಯಿಂದ ತಲಪಾಡಿವರೆಗೆ ಯಾರೂ ಉಳಿಯುತ್ತಿರಲಿಲ್ಲ. ಎರಡು ಭಾಷೆ ಕೇಳುವ ಮಗುವಿನ ಶಬ್ದಗಳನ್ನು ಎಣಿಸುವಾಗ ಎಲ್ಲ ಭಾಷೆಯದ್ದನ್ನೂ ಸೇರಿಸಿ ಎಣಿಸಬೇಕು. ಹಾಗೆ ಎಣಿಸಿದಾಗಲೂ ಕಡಿಮೆ ಇದ್ದರೆ ಭಾಷೆಯ ಮೇಲೆ ತಪ್ಪು ಹಾಕುವುದಕ್ಕೆ ಬರುವುದಿಲ್ಲ. ಅತ್ತೆ ತುಳುವಿನಲ್ಲೇ ಮಾತಾಡಲಿ, ನಿಲ್ಲಿಸಬೇಡಿ. ಅಜ್ಜಿ ಗೊತ್ತಿಲ್ಲದ ಭಾಷೆಯಲ್ಲಿ ತಡವರಿಸುತ್ತಾ ಮಾತಾಡಿದರೆ ಮಗುವಿಗೆ ಸಿಗುವ ಮಾತು ಇನ್ನೂ ಕಮ್ಮಿಯಾಗುತ್ತದೆ, ಅಷ್ಟೇ.

ಇನ್ನು ಮುಖ್ಯ ವಿಷಯ. ಎಲ್ಲರೂ ಮಾತು, ಮಾತು ಅನ್ನುತ್ತಾರೆ. ನಾವು ಮಾತಿಗಿಂತ ಮೊದಲು ನೋಡುವುದು ಬೇರೆ. ಮಗು ತಾನು ಕಂಡದ್ದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುತ್ತದಾ? ಇದಕ್ಕೆ ಯಾವ ಭಾಷೆಯೂ ಬೇಡ. ಬೆರಳು ತೋರಿಸುವುದರಲ್ಲೇ ಎರಡು ಬಗೆ ಇದೆ. ಒಂದು ಬೇಕು ಅಂತ ತೋರಿಸುವುದು, ಬಿಸ್ಕತ್ತಿನ ಡಬ್ಬ ಬೇಕು, ಮೇಲಿರುವ ಚೆಂಡು ಬೇಕು. ಇನ್ನೊಂದು, ಏನೂ ಬೇಡ, ನೋಡು ಅಂತ ತೋರಿಸುವುದು. ಆಕಾಶದಲ್ಲಿ ವಿಮಾನ ಹೋದರೆ ಒಂದೂವರೆ ವರ್ಷದ ಮಗು ಬೆರಳೆತ್ತಿ ತೋರಿಸಿ, ನೀವು ನೋಡಿದಿರಾ ಅಂತ ನಿಮ್ಮ ಮುಖಕ್ಕೆ ತಿರುಗುತ್ತದೆ. ವಿಮಾನ ಕೊಡಿ ಅಂತ ಅದು ಕೇಳುತ್ತಿಲ್ಲ, ಅಲ್ವಾ? ಈ ಎರಡನೆಯದು ಆಟಿಸಂ ಇರುವ ಮಕ್ಕಳಲ್ಲಿ ಬಹಳ ಸಲ ಕಾಣುವುದಿಲ್ಲ, ಅಥವಾ ತುಂಬ ತಡವಾಗಿ ಬರುತ್ತದೆ. ನಿಮ್ಮ ಮಗ ನಿಮ್ಮ ಕೈಯನ್ನು ಡಬ್ಬದ ಮೇಲೆ ಇಡುತ್ತಾನೆ, ಮುಖ ನೋಡುವುದಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ಹೋದಲ್ಲಿ ಹಾಗೆಯೇ ಹೇಳಿ. ಕೇಳುವವರಿಗೆ ಅದೊಂದರಿಂದಲೇ ಬಹಳ ಅರ್ಥ ಆಗುತ್ತದೆ.

ಮೊದಲ ಹಂತದಲ್ಲಿ ಸಾಮಾನ್ಯವಾಗಿ ಬಳಸುವುದು ಎಂ-ಚಾಟ್ ಅನ್ನುವ ಪ್ರಶ್ನಾವಳಿ. 16ರಿಂದ 30 ತಿಂಗಳ ಮಕ್ಕಳಿಗೆ. 20 ಪ್ರಶ್ನೆ, ಹೌದು ಅಥವಾ ಇಲ್ಲ, ಉತ್ತರ ಕೊಡುವವರು ತಂದೆತಾಯಿ. ನೀವು ಕೋಣೆಯ ಆಚೆ ಬದಿ ಏನನ್ನಾದರೂ ತೋರಿಸಿದರೆ ಮಗು ಅತ್ತ ನೋಡುತ್ತದಾ, ನಿಮಗೆ ತೋರಿಸುವುದಕ್ಕೆಂದೇ ವಸ್ತು ತರುತ್ತದಾ, ನೀವು ಮಾಡಿದ್ದನ್ನು ನೋಡಿ ಮಾಡುತ್ತದಾ, ಹೊಸದೇನಾದರೂ ಆದರೆ ನಿಮ್ಮ ಮುಖ ನೋಡುತ್ತದಾ, ಹೀಗೆ. ಶಂಕೆ ಹುಟ್ಟಿಸುವ ಒಂದೊಂದು ಉತ್ತರಕ್ಕೆ ಒಂದು ಅಂಕ. ಅದು 2ರವರೆಗೆ ಇದ್ದರೆ ಸದ್ಯಕ್ಕೆ ಚಿಂತೆ ಕಮ್ಮಿ. 3ರಿಂದ 7 ಆದರೆ ತಪ್ಪಿದ ಪ್ರಶ್ನೆಗಳನ್ನು ಮತ್ತೊಮ್ಮೆ ಉದಾಹರಣೆ ಸಮೇತ ಕೇಳುತ್ತಾರೆ. 8 ಅಥವಾ ಜಾಸ್ತಿ ಬಂದರೆ ಎರಡನೇ ಸುತ್ತಿಗೆ ಕಾಯದೆ ನೇರ ಪೂರ್ತಿ ಪರೀಕ್ಷೆಗೆ ಕಳಿಸುತ್ತಾರೆ.

ಇದು ಜರಡಿ ಇದ್ದ ಹಾಗೆ, ತೀರ್ಪು ಅಲ್ಲ. 2014ರಲ್ಲಿ 16 ಸಾವಿರ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಎರಡನೇ ಸುತ್ತಿನ ನಂತರವೂ ಸಿಕ್ಕಿಬಿದ್ದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ ಆಟಿಸಂ ಇತ್ತು. ಆದರೆ 100ರಲ್ಲಿ 95ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಬೆಳವಣಿಗೆಯ ತೊಂದರೆ ಅಥವಾ ಅಂಥ ಶಂಕೆ ಇತ್ತು. ಅಂದರೆ ಅದರಲ್ಲಿ ಸಿಕ್ಕಿದ ಮಗುವಿಗೆ ಆಟಿಸಂ ಇಲ್ಲದಿದ್ದರೂ ಏನೋ ಒಂದು ಸಹಾಯ ಬೇಕಾಗಿರುತ್ತದೆ, ಹೋದದ್ದು ದಂಡವಾಗುವುದಿಲ್ಲ. ಇನ್ನೊಂದು ಕಡೆ, ಜರಡಿಯಲ್ಲಿ ಜಾರಿಹೋಗುವ ಮಕ್ಕಳೂ ಇದ್ದಾರೆ. ಅಂಕ ಕಮ್ಮಿ ಬಂತು, ಆದರೆ ಅಮ್ಮನ ಮನಸ್ಸಿಗೆ ಸಮಾಧಾನ ಇಲ್ಲ ಅಂದರೆ ನಾವು ಅಮ್ಮನನ್ನೇ ನಂಬುತ್ತೇವೆ.

ಕೆಲವು ಅಮ್ಮಂದಿರು ಉತ್ತರ ಕೊಡುವಾಗ ಒಂದು ಕೆಲಸ ಮಾಡುತ್ತಾರೆ, ಅದನ್ನು ಹೇಳಲೇಬೇಕು. "ಬೆರಳು ತೋರಿಸುತ್ತಾನಾ?" "ಹ್ಞಾ, ಒಮ್ಮೆ ಷಷ್ಠಿ ಜಾತ್ರೆಯಲ್ಲಿ ತೋರಿಸಿದ್ದ." ಒಮ್ಮೆ ಮಾಡಿದ್ದು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಮಾಡುತ್ತಾನಾ ಅನ್ನುವುದು ಪ್ರಶ್ನೆ. ಮಗನನ್ನು ಪಾಸು ಮಾಡಿಸುವ ಆಸೆಯಿಂದ ಉತ್ತರ ಕೊಡಬೇಡಿ.

ಕಿವಿ ಪರೀಕ್ಷೆ ಮಾತ್ರ ಬಿಡಲೇಬೇಡಿ. ಚಾಕಲೇಟಿನ ಕಾಗದ ಕೇಳಿದ ಮಾತ್ರಕ್ಕೆ ಕಿವಿ ಪೂರ್ತಿ ಸರಿ ಅಂತ ಆಗುವುದಿಲ್ಲ, ಕೆಲವು ಸ್ವರ ಮಾತ್ರ ಕೇಳದ ಮಕ್ಕಳೂ ಇದ್ದಾರೆ. ಬೆರಾ ಅನ್ನುವ ಪರೀಕ್ಷೆಯನ್ನು ಮಗು ನಿದ್ದೆ ಮಾಡುವಾಗ ಮಾಡುತ್ತಾರೆ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಸರಿ ಇದೆ ಅಂದಿದ್ದರೂ ಮಾತು ತಡವಾದ ಮಗುವಿಗೆ ಇನ್ನೊಮ್ಮೆ ಬೇಕು.

ಅಡೂರಿನವರು ಹೇಳಿದ ಮೊಬೈಲ್ ವಿಷಯ ಸರಿ, ಕಡಿಮೆ ಮಾಡಿ. ಆದರೆ "ಮೊಬೈಲ್ ನಿಲ್ಲಿಸಿ ಆರು ತಿಂಗಳು ನೋಡುವ, ಆಮೇಲೆ ಡಾಕ್ಟರು" ಅನ್ನುವುದು ಬೇಡ. ಎರಡೂ ಒಟ್ಟಿಗೇ ಆಗಲಿ. ಅಪ್ಪ ಸೇವೆಯೂ ಆಗಲಿ, ಅದಕ್ಕೆ ನನ್ನ ತಕರಾರಿಲ್ಲ, ಕಾಸರಗೋಡಿಗೆ ಹೋಗುವ ದಾರಿಯಲ್ಲೇ ಮಧೂರು.

ಅಡೂರಿನವ:

ಸರಿ, ಅಣ್ಣನ ಹೆಂಡತಿಯ ಹತ್ತಿರ ಫೋನ್ ಮಾಡಿ ಕೇಳಿದೆ. ಮಾತಿಲ್ಲದಿದ್ದರೂ ಕೈಸನ್ನೆ ಬಹಳ ಇತ್ತಂತೆ, ಅಜ್ಜ ಕನ್ನಡಕ ಮರೆತರೆ ತಂದು ಕೊಡುತ್ತಿದ್ದನಂತೆ. ಅದು ಬೇರೆ ಇದು ಬೇರೆ ಅನ್ನುವುದು ಒಪ್ಪಿದೆ. ಆದರೂ ಹಣೆಪಟ್ಟಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಮುಳ್ಳೇರಿಯದವಳು:

ಕೊಡುತ್ತೇನೆ. ಊರಿನವರು ಮೊದಲೇ ಮಗಳಿಗೆ "ಹಟಮಾರಿ", "ಕಿವುಡಿ", "ಅಮ್ಮ ಕಲಿಸಿದ್ದು ಸಾಲದು" ಅಂತ ಪಟ್ಟಿ ಹಚ್ಚಿದ್ದರು. ಡಾಕ್ಟರ ಕಾಗದ ಬಂದ ಮೇಲೆ ಅದರಲ್ಲಿ ಎರಡಾದರೂ ಉದುರಿಹೋದವು.

ನೀರ್ಚಾಲು ಅಮ್ಮ:

ಎಲ್ಲರಿಗೂ ಧನ್ಯವಾದ, ಓದುತ್ತಾ ಕಣ್ಣು ತುಂಬಿತು. ಮುಳ್ಳೇರಿಯದ ಅಕ್ಕ ಹೇಳಿದ ಹಾಗೆ ನಿನ್ನೆ ಸಂಜೆ ಗುಳ್ಳೆ ಊದಿ ನೋಡಿದೆ. ಅವನು ಮೊದಲು ಬಾಟಲಿ ಎಳೆದ. ಕೊಡಲಿಲ್ಲ. ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಆಮೇಲೆ ಒಂದು ಕ್ಷಣ, ತುಂಬ ಸಣ್ಣ ಹೊತ್ತು, ನನ್ನ ಮುಖ ನೋಡಿದ ಅಂತ ಅನಿಸಿತು. ಮಾವ "ನೋಡಿದ, ನೋಡಿದ" ಅಂದರು. ಅದು ಒಳ್ಳೆಯ ಲಕ್ಷಣವಾ? ಹಾಗಾದರೆ ಆಟಿಸಂ ಇಲ್ಲವಾ?

ಮತ್ತೆ ಅತ್ತೆಯ ತಮ್ಮ ಬಂದಿದ್ದರು, "ಇದೆಲ್ಲ ಗೇರುತೋಟಕ್ಕೆ ಹೊಡೆದ ಎಂಡೋಸಲ್ಫಾನ್ ಕೀಟನಾಶಕದಿಂದ" ಅಂದರು. ಇಂಜೆಕ್ಷನ್‌ನಿಂದ ಅಂತ ಇನ್ನೊಬ್ಬರು. ಯಾವುದು ಕೇಳುವುದು ಅಂತ ಗೊತ್ತಾಗುತ್ತಿಲ್ಲ.

ಗಡಿಯಾಚೆ ಸ್ಪೀಚ್:

ನೋಡಿದ್ದು ಒಳ್ಳೆಯದೇ. ಅದರ ಮೇಲೆ ಥೆರಪಿ ಕಟ್ಟಬಹುದು. ಆದರೆ ಕಣ್ಣಿಗೆ ಕಣ್ಣು ಕೊಟ್ಟರೆ ಆಟಿಸಂ ಇಲ್ಲ, ಕೊಡದಿದ್ದರೆ ಇದೆ, ಹಾಗೆ ಅಳೆಯುವುದಿಲ್ಲ. ಆಟಿಸಂ ಇರುವ ಬಹಳಷ್ಟು ಮಕ್ಕಳು ನೋಡುತ್ತಾರೆ. ಎಷ್ಟು ಸಲ, ಯಾವಾಗ, ಯಾಕೆ ನೋಡುತ್ತಾರೆ, ನೋಟದ ಜೊತೆ ನಗು, ಸ್ವರ, ಕೈಸನ್ನೆ ಸೇರಿ ಬರುತ್ತದಾ ಅನ್ನುವುದನ್ನು ನೋಡಬೇಕು. ಕಚಗುಳಿಯಲ್ಲಿ ಬರುವ ನಗು ಸುಲಭ. ಮಾವ ನಿಲ್ಲಿಸಿದಾಗ "ಮತ್ತೆ ಮಾಡು" ಅಂತ ಮಾವನ ಮುಖ ನೋಡಿ ಅಂಗಿ ಎಳೆಯುತ್ತಾನಾ ನೋಡಿ.

ವೈದ್ಯರು ಈಗ ಬಳಸುವ ಡಿಎಸ್‌ಎಂ-5 ಪುಸ್ತಕದ ಪ್ರಕಾರ ಎರಡೂ ಕಡೆ ಲಕ್ಷಣ ಬೇಕು. ಜನರ ಜೊತೆ ಬೆರೆಯುವುದು, ಸನ್ನೆ ಮತ್ತು ನೋಟ, ಸಂಬಂಧ ಬೆಳೆಸುವುದು, ಈ ಮೂರರಲ್ಲೂ ತೊಂದರೆ ಇರಬೇಕು. ಅದರ ಜೊತೆ ಮಾಡಿದ್ದನ್ನೇ ಮಾಡುವುದು, ಬದಲಾವಣೆಗೆ ಹಟ, ಒಂದೇ ವಿಷಯದ ಹುಚ್ಚು, ಸದ್ದು ಬೆಳಕಿಗೆ ಅತಿಯಾಗಿ ಅಥವಾ ತೀರಾ ಕಮ್ಮಿ ಪ್ರತಿಕ್ರಿಯೆ, ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಅಡಿಕೆ ಸಾಲು ಒಂದರಿಂದಲೇ ಏನೂ ತೀರ್ಮಾನ ಆಗುವುದಿಲ್ಲ. ನಮ್ಮ ಮನೆಯ ಮಕ್ಕಳೂ ಸಾಲು ಇಡುತ್ತಾರೆ, ಆದರೆ "ರೈಲು!" ಅಂತ ಬಂದು ಕರೆದು ತೋರಿಸುತ್ತಾರೆ.

ಲಸಿಕೆಯ ಇಂಜೆಕ್ಷನ್ ವಿಷಯ ಬಿಟ್ಟುಬಿಡಿ. 1998ರಲ್ಲಿ ಲಂಡನ್ನಿನ ಒಬ್ಬ ಡಾಕ್ಟರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಹುಟ್ಟಿದ ಗಾಳಿಮಾತು ಅದು. 2010ರಲ್ಲಿ ಆ ಪತ್ರಿಕೆಯೇ ಲೇಖನವನ್ನು ವಾಪಸು ತೆಗೆದುಕೊಂಡಿತು. ಬಾಕಿ ಇರುವ ಇಂಜೆಕ್ಷನ್ ಹಾಕಿಸಿ. ಎಂಡೋಸಲ್ಫಾನ್ ನಮ್ಮೂರಿನ ದೊಡ್ಡ ನೋವು, ಅದನ್ನು ಹಗುರ ಮಾಡುವವಳು ನಾನಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರ್ ಸಿಂಪಡಣೆ ನಿಂತು ಎರಡು ದಶಕದ ಮೇಲಾಯಿತು, 2011ರಲ್ಲಿ ದೇಶಕ್ಕೇ ನಿಷೇಧ ಬಂತು. ನಿಮ್ಮ ಮಗನಿಗೆ ಇದರಿಂದಲೇ ಅಂತ ಜಗಲಿಯಲ್ಲಿ ಕೂತು ಯಾರೂ ಹೇಳಲಾರರು. ಆಟಿಸಂ ಇಡೀ ಜಗತ್ತಿನಲ್ಲಿದೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2021ರಲ್ಲಿ ಸುಮಾರು 127 ಜನರಿಗೆ ಒಬ್ಬರು, ಮತ್ತೆ ಅದರಲ್ಲಿ ವಂಶವಾಹಿಯ ಪಾಲು ದೊಡ್ಡದು. ಕಾರಣ ಹುಡುಕುತ್ತಾ ಕೂತರೆ ದಿನ ಹೋಗುತ್ತದೆ. ಕಾರಣ ಏನೇ ಇದ್ದರೂ ಪರೀಕ್ಷೆ ಅದೇ, ಥೆರಪಿ ಅದೇ.

ಒಂದು ಪ್ರಶ್ನೆ. ಮೊದಲು ಇದ್ದ ಶಬ್ದ ಅಥವಾ ಟಾಟಾ ಮಾಡುವಂಥ ಅಭ್ಯಾಸ ಆಮೇಲೆ ನಿಂತುಹೋಗಿದೆಯಾ?

ನೀರ್ಚಾಲು ಅಮ್ಮ:

ಹೌದು! ಒಂದು ವರ್ಷ ಆಗುವಾಗ ಟಾಟಾ ಮಾಡುತ್ತಿದ್ದ. "ಅಜ್ಜ" ಅಂತ ಹೇಳುತ್ತಿದ್ದ. ಫೋನಿನಲ್ಲಿ ವಿಡಿಯೋ ಇದೆ. ಒಂದೂವರೆ ವರ್ಷದ ಹೊತ್ತಿಗೆ ಎರಡೂ ನಿಂತವು. ನಡೆಯಲು ಕಲಿತ ಗಲಾಟೆಯಲ್ಲಿ ಮರೆತಿದ್ದಾನೆ ಅಂತ ಮನೆಯಲ್ಲಿ ಹೇಳಿದ್ದರು.

ಗಡಿಯಾಚೆ ಸ್ಪೀಚ್:

ಹಾಗಾದರೆ ಈ ವಾರವೇ ಹೊರಡಿ. ಕಲಿತದ್ದು ಕಳೆದುಹೋಗುವುದು ಯಾವ ವಯಸ್ಸಿನಲ್ಲಾದರೂ ತೋರಿಸಲೇಬೇಕಾದ ಲಕ್ಷಣ. ಆ ಹಳೆಯ ವಿಡಿಯೋ ಅಳಿಸಬೇಡಿ. ತಾರೀಖು ಕಾಣುವ ಹಾಗೆ ಇಟ್ಟುಕೊಳ್ಳಿ.

ಕನ್ನಡ ಮಾಸ್ತ್ರು:

ನಾನು ಮಂಜೇಶ್ವರ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿದ್ದೇನೆ. ಇಲ್ಲಿ ಎಲ್ಲರೂ ಎರಡು ವರ್ಷದ ಮಕ್ಕಳ ಮಾತಾಡಿದಿರಿ. ಮಾತು ಚೆನ್ನಾಗಿ ಇರುವ, ಓದಿನಲ್ಲಿ ಮುಂದಿರುವ ಮಕ್ಕಳೂ ಇದ್ದಾರೆ, ಅವರು ನಮ್ಮ ಕಣ್ಣಿಗೆ ಬೀಳುವುದು ಆರೇಳು ವರ್ಷಕ್ಕೆ, ಅದೂ ಆಟದ ಬಿಡುವಿನಲ್ಲಿ. ಕ್ಲಾಸಿನಲ್ಲಿ ಕೂತಾಗ ಗೊತ್ತಾಗುವುದೇ ಇಲ್ಲ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರೈಲುಗಳ ಸಮಯ ಎಲ್ಲ ಬಾಯಿಪಾಠ. ಯಾರು ಸಿಕ್ಕಿದರೂ ಅದೇ ಹೇಳುತ್ತಾನೆ. ಕೇಳುವವನು ಆಕಳಿಸಿದರೂ, ಎದ್ದು ಹೋದರೂ ಹೇಳುತ್ತಲೇ ಇರುತ್ತಾನೆ. "ಒಂದು ನಿಮಿಷ ನಿಲ್ಲು" ಅಂದೆ ಒಮ್ಮೆ. ಗೋಡೆಯ ಗಡಿಯಾರ ನೋಡುತ್ತಾ ನಿಂತ, ನಿಮಿಷ ಮುಗಿದ ಕೂಡಲೇ ಶುರು, ನಾನು ಇನ್ನೂ ಮಾತು ಮುಗಿಸದ್ದಕ್ಕೆ ಅವನಿಗೆ ಸಿಟ್ಟು. ಲಗೋರಿ ಆಡುವಾಗ ನಿಯಮ ತಪ್ಪಿದರೆ ತನ್ನದೇ ಪಕ್ಷದವನನ್ನು ಔಟ್ ಅನ್ನುತ್ತಾನೆ. ಉಳಿದ ಮಕ್ಕಳಿಗೆ ಅವನು ಚಾಡಿಕೋರ. ಅವನ ಮಟ್ಟಿಗೆ ನಿಯಮ ಅಂದರೆ ನಿಯಮ.

ಹೆಣ್ಣು ಮಕ್ಕಳಲ್ಲಿ ಇನ್ನೂ ಕಷ್ಟ. ಗುಂಪಿನ ಅಂಚಿನಲ್ಲಿ ನಿಂತು ಬೇರೆಯವರು ನಕ್ಕಾಗ ನಗುತ್ತಾರೆ, ಅವರ ಹಾಗೆ ಜಡೆ ಕಟ್ಟಿಕೊಳ್ಳುತ್ತಾರೆ, ಅವರ ಮಾತಿನ ಧಾಟಿಯನ್ನೇ ಎತ್ತಿಕೊಳ್ಳುತ್ತಾರೆ. ನಾವು "ಪಾಪದ ಹುಡುಗಿ, ನಾಚಿಕೆ" ಅಂತ ಬಿಟ್ಟುಬಿಡುತ್ತೇವೆ. ಮನೆಗೆ ಹೋಗಿ ಬ್ಯಾಗ್ ಎಸೆದು ಗಂಟೆಗಟ್ಟಲೆ ಅಳುವುದು ಅಮ್ಮನಿಗೆ ಮಾತ್ರ ಗೊತ್ತು. ಶಾಲೆಯಲ್ಲಿ ಇಲ್ಲದ ತೊಂದರೆ ಮನೆಯಲ್ಲಿ ಯಾಕೆ ಅಂತ ಅಮ್ಮನಿಗೇ ಬೈಗುಳ.

ನಾಚಿಕೆಯ ಮಗುವಿಗೂ ಇದಕ್ಕೂ ವ್ಯತ್ಯಾಸ ಹೇಗೆ ಅಂತ ಸ್ಪೀಚ್ ಅಕ್ಕ ಹೇಳಬಹುದಾ? ಪೋಷಕರಿಗೆ ಹೇಳುವ ಮೊದಲು ನಾವು ಏನು ಬರೆದಿಟ್ಟುಕೊಳ್ಳಬೇಕು?

ಗಡಿಯಾಚೆ ಸ್ಪೀಚ್:

ಮಾಸ್ತ್ರೇ, ನಾಚಿಕೆಯ ಮಗು ಪರಿಚಯದವರ ಜೊತೆ ಬದಲಾಗುತ್ತದೆ. ಅಕ್ಕತಂಗಿಯರ ಜೊತೆ, ಸೋದರತ್ತೆಯ ಮಕ್ಕಳ ಜೊತೆ ಅದೇ ಮಗು ಅರಳುತ್ತದೆ, ತಮಾಷೆ ಮಾಡುತ್ತದೆ, ಇನ್ನೊಬ್ಬರ ಮನಸ್ಸು ಓದುತ್ತದೆ. ಇನ್ನೊಂದು ಕಡೆ, ಆಟಿಸಂ ಇರುವ ಮಗುವಿಗೆ ಹತ್ತಿರದವರ ಜೊತೆಯೂ ಕೊಟ್ಟು ತೆಗೆದುಕೊಳ್ಳುವ ಮಾತು ಕಷ್ಟ. ಬರೆಯುವಾಗ "ಬೆರೆಯುವುದಿಲ್ಲ" ಅಂತ ಬರೆಯಬೇಡಿ, ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನೀವು ಈಗ ಗಡಿಯಾರದ ಕಥೆ ಬರೆದಿರಲ್ಲ, ಹಾಗೆಯೇ ಬರೆಯಿರಿ. ಏನಾಯಿತು, ಮೊದಲು ಏನಿತ್ತು, ಮಗು ಏನು ಮಾಡಿತು, ಎಷ್ಟು ಸಲ. ಪೋಷಕರ ಹತ್ತಿರ ಆಟಿಸಂ ಅನ್ನುವ ಹೆಸರು ನೀವು ಎತ್ತಬೇಡಿ, ಕಂಡದ್ದನ್ನು ಹೇಳಿ, ತೋರಿಸಿ ಅನ್ನಿ. ನೀರ್ಚಾಲಿನ ಆ ಅಂಗನವಾಡಿ ಟೀಚರ್ ಮಾಡಿದ್ದೂ ಅದೇ ಅಲ್ವಾ.

ಮುಳ್ಳೇರಿಯದವಳು:

ಎಲ್ಲಿ ತೋರಿಸುವುದು ಅಂತ ಕೇಳಿದ್ದಕ್ಕೆ. 2013ರಿಂದ ಕೇಂದ್ರದ ಆರ್‌ಬಿಎಸ್‌ಕೆ ಯೋಜನೆ ಇದೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆಗೆ. ಅದರ ಅಡಿಯಲ್ಲಿ ಜಿಲ್ಲೆಗಳಲ್ಲಿ ಡಿಇಐಸಿ ಅಂತ ಕೇಂದ್ರ ಮಾಡಿದ್ದಾರೆ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನೆಲ್ಲ ಅಲ್ಲಿ ಉಚಿತವಾಗಿ ನೋಡುತ್ತಾರೆ. ನಮ್ಮ ಜಿಲ್ಲಾ ಆಸ್ಪತ್ರೆ ಇರುವುದು ಕಾಞಂಗಾಡಿನಲ್ಲಿ, ನಿಮ್ಮ ಆಶಾ ಅಥವಾ ಹೆಲ್ತ್ ಸೆಂಟರ್ ಸಿಸ್ಟರ್ ಹತ್ತಿರ ಡಿಇಐಸಿಗೆ ಕಾಗದ ಕೊಡಿ ಅಂತ ಕೇಳಿ. ಮಂಗಳೂರು ಹತ್ತಿರ ಅನಿಸಿದರೆ ಅಲ್ಲಿಯೂ ಆಸ್ಪತ್ರೆಗಳಿವೆ. ಪೂರ್ತಿ ತಂಡ ಒಂದೇ ಕಡೆ ಬೇಕು, ಕನ್ನಡದಲ್ಲೇ ಮಾತಾಡಬೇಕು ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ, ಮಾತು, ಸೈಕಾಲಜಿ ಎಲ್ಲ ಒಂದೇ ಆವರಣ.

ಭಾಷೆಯ ಕಿರಿಕಿರಿಗೆ ತಯಾರಾಗಿ ಹೋಗಿ. ಇಲ್ಲಿ ಕಾಗದ ಎಲ್ಲ ಮಲಯಾಳದಲ್ಲಿ. ನನಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಒಂದು ಕಡೆ ಪ್ರಶ್ನೆಯನ್ನು ಗಡಿಬಿಡಿಯಲ್ಲಿ ಓದಿ ಹೇಳಿದರು, "ಹೌದು" ಅಂದರೆ ಒಳ್ಳೆಯದೋ ಕೆಟ್ಟದೋ ಅಂತಲೇ ತಿಳಿಯಲಿಲ್ಲ. "ನಿಧಾನ ಹೇಳಿ, ಉದಾಹರಣೆ ಕೊಡಿ" ಅಂತ ಜಗಳ ಮಾಡಿಯಾದರೂ ಕೇಳಿ. ಮಗುವನ್ನು ಪರೀಕ್ಷೆ ಮಾಡುವಾಗ "ಇವನಿಗೆ ತುಳು, ಕನ್ನಡ ಗೊತ್ತು" ಅಂತ ಮೊದಲೇ ಹೇಳಿ. ಮಲಯಾಳದಲ್ಲಿ "ಚೆಂಡು ಕೊಡು" ಅಂದಾಗ ಅವನು ಕೊಡದಿದ್ದರೆ ಅದು ಅವನ ತಪ್ಪಲ್ಲ, ನೀವೇ ಕನ್ನಡದಲ್ಲಿ ಹೇಳಿ ನೋಡುವ ಅವಕಾಶ ಕೇಳಿ.

ಮೂರು ವರ್ಷ ಆದ ಮೇಲೆ ಅಂಗವಿಕಲತೆಯ ಸರ್ಟಿಫಿಕೇಟಿನ ವಿಷಯ ಬಂದರೆ ಐಸಾ ಅನ್ನುವ ಭಾರತದ್ದೇ ಮಾಪಕ ಇದೆ, ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿದ್ದು. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. 70ಕ್ಕಿಂತ ಕಮ್ಮಿ ಇದ್ದರೆ ಆಟಿಸಂ ಇಲ್ಲ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ನಿರಾಮಯ ಅಂತ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ಆರೋಗ್ಯ ವಿಮೆಯೂ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಇದೆಲ್ಲ ಆಮೇಲಿನ ಮಾತು, ಈಗ ತಲೆಗೆ ಹಾಕಿಕೊಳ್ಳಬೇಡಿ.

ಇನ್ನೊಂದು. ನಾಳೆಯಿಂದ ನಿಮ್ಮ ಫೇಸ್‌ಬುಕ್‌ನಲ್ಲಿ "ಆಟಿಸಂ ಗುಣ ಮಾಡುತ್ತೇವೆ" ಅಂತ ಜಾಹೀರಾತು ಬರಲು ಶುರುವಾಗುತ್ತದೆ. ಸ್ಟೆಮ್ ಸೆಲ್, ರಸ, ಚೂರ್ಣ, ಎಲ್ಲ. ಲಕ್ಷಗಟ್ಟಲೆ ಕೇಳುತ್ತಾರೆ. ಒಂದು ರೂಪಾಯಿ ಕೊಡಬೇಡಿ.

ನೀರ್ಚಾಲು ಅಮ್ಮ:

ಇವತ್ತು ಆಶಾ ಅಕ್ಕನ ಹತ್ತಿರ ಮಾತಾಡಿದೆ, ಸಿಸ್ಟರ್ ಕಾಗದ ಕೊಡುತ್ತಾರಂತೆ. ಕಿವಿ ಪರೀಕ್ಷೆಗೆ ಮಂಗಳೂರಿಗೆ ಹೋಗುವುದು ಅಂತ ಮಾಡಿದ್ದೇವೆ, ಮಾವ ಬರುತ್ತಾರೆ. ಅತ್ತೆ ಇನ್ನೂ ಮುಖ ಊದಿಸಿಕೊಂಡಿದ್ದಾರೆ, ಆದರೆ ಮಗುವಿನ ಟಾಟಾದ ವಿಡಿಯೋ ತೋರಿಸಿದಾಗ ಏನೂ ಹೇಳಲಿಲ್ಲ. ಇವರು ದುಬೈಯಿಂದ "ನನಗೂ ಪ್ರಶ್ನೆ ಕಳಿಸು, ನಾನೂ ಓದುತ್ತೇನೆ" ಅಂದರು.

ಹೊಸ ಜಾಗ ನೋಡಿದರೆ ಅವನು ಅತ್ತು ಅತ್ತು ಸುಸ್ತಾಗುತ್ತಾನೆ. ಅಲ್ಲಿ ಅವನು ಅಳುವುದನ್ನು ಬಿಟ್ಟು ಬೇರೇನೂ ಮಾಡದಿದ್ದರೆ ಅವರು ಏನು ನೋಡಿ ಹೇಳುವುದು?

ಗಡಿಯಾಚೆ ಸ್ಪೀಚ್:

ಅದಕ್ಕೇ ಮನೆಯ ವಿಡಿಯೋ ತೆಗೆದುಕೊಂಡು ಹೋಗಿ. ಉದ್ದದ್ದು ಬೇಡ, ಒಂದೆರಡು ನಿಮಿಷದ ಕೆಲವು ಸಾಕು. ಅಜ್ಜನ ಜೊತೆ ಆಡುವುದು, ಊಟ ಮಾಡುವುದು, ಪಕ್ಕದ ಮನೆಯ ಮಕ್ಕಳು ಬಂದಾಗ ಏನು ಮಾಡುತ್ತಾನೆ, ಹಿಂದಿನಿಂದ ಹೆಸರು ಕರೆದಾಗ ಏನು ಮಾಡುತ್ತಾನೆ, ಬಿಸ್ಕತ್ತಿನ ಡಬ್ಬದ ಆ ದೃಶ್ಯ. "ಹೇಳು ಮಗಾ, ಹೇಳು" ಅಂತ ಹಿಂದಿನಿಂದ ಒತ್ತಾಯ ಮಾಡಬೇಡಿ, ಇದ್ದ ಹಾಗೆ ತೆಗೆಯಿರಿ. ಮುಖವೂ ಕೈಯೂ ಎರಡೂ ಕಾಣಬೇಕು. ಒಳ್ಳೆಯ ದಿನದ್ದೂ ಇರಲಿ, ಹಟದ ದಿನದ್ದೂ ಇರಲಿ.

ಅವನಿಗೆ ಇಷ್ಟದ ಆಟದ ಸಾಮಾನು ಒಂದು, ತಿನ್ನುವುದಕ್ಕೆ ಏನಾದರೂ, ಬೆಳಗ್ಗಿನ ಹೊತ್ತಿನ ಟೋಕನ್ ಸಿಗುತ್ತದಾ ನೋಡಿ. ಮಧ್ಯಾಹ್ನದ ನಿದ್ದೆಯ ಸಮಯಕ್ಕೆ ಕೊಟ್ಟರೆ ಬೇಡ ಅನ್ನಿ. ಕಿವಿ ಪರೀಕ್ಷೆಗೆ ಮಾತ್ರ ಉಲ್ಟಾ, ಅಲ್ಲಿ ನಿದ್ದೆ ಬರಬೇಕು, ಹಾಗಾಗಿ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ನಿದ್ದೆ ಮಾಡಲು ಬಿಡಬೇಡಿ. ತಲಪಾಡಿ ದಾಟುವವರೆಗೆ ಮಾವ ಕಚಗುಳಿ ಇಡುತ್ತಾ ಇರಲಿ.